ಬೆದರಿದ ಸಾಕುಮೊಲವನ್ನು ಸಮಾಧಾನಪಡಿಸುವ ವಿಧಾನ

ಪೀಠಿಕೆ

ಹಸು, ಕುರಿ, ಕೋಳಿಗಳೊಡನೆ ಮನೆಯ ಮಕ್ಕಳ ಆಸೆಗಾಗಿ ಒಂದೆರಡು ಮೊಲಗಳನ್ನು ಸಾಕುವ ರೈತರು ಉಂಟು. ಹಸುವಿಗೆ ಜ್ವರ ಬಂದರೆ ಗುರುತಿಸಬಲ್ಲ ಯಜಮಾನನಿಗೂ ಮೊಲದ ಭಯವು ಒಂದು ವ್ಯಾಧಿಯಂತೆಯೇ ಪ್ರಾಣಾಪಾಯಕರವೆಂಬುದು ತಿಳಿದಿರುವುದಿಲ್ಲ. ರಾತ್ರಿ ನಾಯಿಯೊಂದು ಗೂಡನ್ನು ಕೆರೆದು ಹೋಗುವುದು; ಬೆಳಿಗ್ಗೆ ನೋಡಿದರೆ ಮೊಲದ ಮೈಮೇಲೆ ಒಂದು ಗಾಯವೂ ಇರುವುದಿಲ್ಲ; ಆದರೆ ಅದು ಹುಲ್ಲು ಮುಟ್ಟದೆ ಮೂಲೆಯಲ್ಲಿ ಕುಳಿತು, ಮರುದಿನ ಸತ್ತುಹೋಗುವುದು. ಇದು ದೃಷ್ಟಿಯ ಫಲವೂ ಅಲ್ಲ, ಗಾಳಿಯ ಫಲವೂ ಅಲ್ಲ. ಬೆದರಿದ ಮೊದಲ ಗಳಿಗೆಯಲ್ಲಿ ಏನು ಮಾಡಬೇಕು, ಆನಂತರ ಏನನ್ನು ಗಮನಿಸಬೇಕು ಎಂಬುದನ್ನು ತಿಳಿದವರು ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು. ಅದನ್ನೇ ಇಲ್ಲಿ ವಿವರಿಸಿದೆ.

ಸಾಕುಮೊಲವೂ ಕಾಡುಮೊಲವೂ ಬೇರೆ

ಸೋಲೂರಿನ ಹೊಲಗಳ ಬದುಗಳಲ್ಲಿಯೂ ಸಾವನದುರ್ಗದ ಕಡೆಯ ಕುರುಚಲು ಕಾಡುಗಳಲ್ಲಿಯೂ ಕಾಣುವ ಮೊಲವು ಬಿಲ ತೋಡುವ ಜಾತಿಯಲ್ಲ. ಅದು ಹುಲ್ಲಿನ ಮರೆಯಲ್ಲಿ ಮಲಗಿದ್ದು, ಅಪಾಯ ಬಂದೊಡನೆ ಓಡಿ ಪಾರಾಗುವುದು. ನಾವು ಸಾಕುವ ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲ್ಲಾ ಮುಂತಾದವುಗಳ ಮೂಲಪುರುಷರು ಯೂರೋಪಿನ ಸ್ಪೇನ್ ಸೀಮೆಯ ಮೊಲಗಳು. ಅವು ನೆಲದೊಳಗೆ ಬಿಲ ತೋಡಿ, ಹಿಂಡಾಗಿ ವಾಸಿಸತಕ್ಕವು. ಅಪಾಯವನ್ನು ಕಂಡ ಮೊಲವು ಹಿಂಗಾಲಿನಿಂದ ನೆಲವನ್ನು ಗುದ್ದಿ ಉಳಿದವುಗಳಿಗೆ ಎಚ್ಚರಿಕೆ ಕೊಡುವುದು. ಎಲ್ಲವೂ ಬಿಲ ಸೇರುವುವು.

ಈ ಭೇದವನ್ನು ಚೆನ್ನಾಗಿ ಮನದಟ್ಟು ಮಾಡಿಕೊಳ್ಳಬೇಕು. ತಂತಿಯ ಗೂಡಿನಲ್ಲಿರುವ ಸಾಕುಮೊಲಕ್ಕೆ ಓಡಲು ಬಯಲಿಲ್ಲ, ಅಡಗಲು ಬಿಲವಿಲ್ಲ. ಶತ್ರುವು ಕಣ್ಣೆದುರಿಗೇ ನಿಂತಿರುವಾಗ ಅದರ ಭಯವು ಇಳಿಯುವ ದಾರಿಯೇ ಇರುವುದಿಲ್ಲ. ಆದುದರಿಂದ ಬೆದರಿದ ಮೊಲಕ್ಕೆ ಬೇಕಾದುದು ಅಪ್ಪುಗೆಯಲ್ಲ, ಬಿಲ. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಭಯದ ಚಿಹ್ನೆಗಳು

ಕಿವಿಗಳನ್ನು ಬೆನ್ನಿಗೆ ಒತ್ತಿಕೊಂಡು, ಕಣ್ಣುಗಳನ್ನು ಅಗಲವಾಗಿ ತೆರೆದು, ಮೈಯನ್ನು ನೆಲಕ್ಕೆ ಅಂಟಿಸಿ ಅಲುಗದೆ ಕೂರುವುದು, ಹಿಂಗಾಲಿನಿಂದ ಗುದ್ದುವುದು, ಗೂಡಿನ ಗೋಡೆಗೆ ಹಾರಿ ಬಡಿದುಕೊಳ್ಳುವುದು, ಬಹಳ ಹೆದರಿದಾಗ ಮಗುವಿನಂತೆ ಕಿರುಚುವುದು. ನೆಮ್ಮದಿಯಾಗಿರುವ ಮೊಲವು ನಿಮಿಷಕ್ಕೆ ಸುಮಾರು 30ರಿಂದ 60 ಬಾರಿ ಉಸಿರಾಡುವುದು. ಭಯದಲ್ಲಿ ಇದು ಎಣಿಸಲಾಗದಷ್ಟು ಹೆಚ್ಚುವುದು. ಅಲುಗದೆ ಕುಳಿತ ಮೊಲವನ್ನು ನೋಡಿ “ಸಾಧುವಾಯಿತು” ಎಂದು ತಿಳಿಯಕೂಡದು. ಅದು ಭಯದ ಪರಮಾವಧಿ.

ಬೇಸಿಗೆಯಲ್ಲಿ ಬಿಸಿಲಿನ ಝಳ ತಗುಲಿದರೂ ಉಸಿರು ಹೀಗೆಯೇ ಹೆಚ್ಚುವುದು. ಆದರೆ ಆಗ ಮೊಲವು ಮೈ ಚಾಚಿ ಮಲಗುವುದು, ಕಿವಿಗಳು ಸುಡುವುವು, ಬಾಯಿ ತೆರೆದು ಜೊಲ್ಲು ಸುರಿಸುವುದು. ಹಾಗಿದ್ದರೆ ನೆರಳಿಗೆ ಸಾಗಿಸಿ ಕಿವಿಗಳನ್ನು ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ತಣ್ಣೀರಿನಲ್ಲಿ ಮುಳುಗಿಸಕೂಡದು.

ಕಾರಣಗಳು

ಬೀದಿನಾಯಿ, ಬೆಕ್ಕು, ಮುಂಗುಸಿ, ಹಾವು, ರಾತ್ರಿ ಗೂಡಿಗೆ ನುಗ್ಗುವ ಹೆಗ್ಗಣ ಇವು ಮುಖ್ಯವಾದವು. ಶತ್ರುವು ಕಾಣದಿದ್ದರೂ ಅದರ ವಾಸನೆಯೇ ಸಾಕು. ನಾಯಿಯನ್ನು ಮುಟ್ಟಿದ ಕೈಯನ್ನು ತೊಳೆಯದೆ ಮೊಲವನ್ನು ಹಿಡಿದರೂ ಅದು ಬೆದರುವುದು. ಇವುಗಳಲ್ಲದೆ ಮುಂಗಾರಿಗೆ ಮುಂಚಿನ ಗುಡುಗು, ದೀಪಾವಳಿಯ ಪಟಾಕಿ, ಜಾತ್ರೆಯ ತಮಟೆ ಇವೆ. ಸೋಲೂರು ಸೀಮೆಯಲ್ಲಿ ಬೆಂಗಳೂರು–ಮಂಗಳೂರು ಹೆದ್ದಾರಿಯ ವಾಹನಗಳ ಸದ್ದಿನೊಡನೆ, ನೆಲಮಂಗಲ ಕುಣಿಗಲ್ಲುಗಳ ಮಾರ್ಗವಾಗಿ 2017ರಲ್ಲಿ ತೆರೆದ ರೈಲುದಾರಿಯ ಸದ್ದೂ ಸೇರಿದೆ. ದಿನವೂ ಕೇಳುವ ಸದ್ದಿಗೆ ಮೊಲವು ಕ್ರಮೇಣ ಹೊಂದಿಕೊಳ್ಳುವುದು. ಎಂದೂ ಕೇಳದ ಸದ್ದು ಹಠಾತ್ತಾಗಿ ಬಂದಾಗಲೇ ಅಪಾಯ.

ಮತ್ತೊಂದು ಕಾರಣವು ನಾವೇ. ಮೊಲದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ಹಿಂದೆ ಮುಂದೆ ಮೇಲೆ ಎಲ್ಲವನ್ನೂ ಕಾಣಬಲ್ಲದು. ಮೂಗಿನ ತುದಿಯ ಎದುರಿನ ಸ್ವಲ್ಪ ಜಾಗವು ಮಾತ್ರ ಅದಕ್ಕೆ ಕಾಣದು. ಕೈಯನ್ನು ನೇರವಾಗಿ ಮೂಗಿನ ಮುಂದೆ ಚಾಚಿದರೆ ಅದು ಬೆಚ್ಚುವುದು. ಮೇಲಿನಿಂದ ಇಳಿಸಿದರೆ ಹದ್ದು ಎರಗಿದಂತೆ ಭ್ರಮಿಸುವುದು.

ತಕ್ಷಣ ಮಾಡತಕ್ಕದ್ದು

1. ಮೊದಲು ಭಯದ ಕಾರಣವನ್ನು ದೂರಮಾಡಿ. ನಾಯಿಯನ್ನು ಓಡಿಸುವಾಗಲೂ ಕೂಗಾಡದೆ ಓಡಿಸಿ. ಮಕ್ಕಳನ್ನು ಹೊರಗೆ ಕಳುಹಿಸಿ.

2. ಗೂಡಿನ ಮೂರು ಪಕ್ಕಗಳಿಗೆ ದಪ್ಪ ಗೋಣಿಯನ್ನು ಹೊದಿಸಿ ಕತ್ತಲೆ ಮಾಡಿ. ಗಾಳಿಗಾಗಿ ಒಂದು ಪಕ್ಕ ತೆರೆದಿರಲಿ.

3. ಒಳಗೆ ಅಡಗುಪೆಟ್ಟಿಗೆ ಇಲ್ಲದಿದ್ದರೆ ಒಂದು ರಟ್ಟಿನ ಪೆಟ್ಟಿಗೆಗೆ ಬಾಗಿಲು ಕತ್ತರಿಸಿ ಮೆಲ್ಲಗೆ ಇಡಿ. ಮೊಲವನ್ನು ಅದರೊಳಕ್ಕೆ ತಳ್ಳಬೇಡಿ, ತಾನಾಗಿ ಹೋಗುವುದು.

4. ಹುಲ್ಲು, ನೀರು ಇಟ್ಟು ದೂರ ಸರಿಯಿರಿ. ಒಂದು ಗಂಟೆಯ ಕಾಲ ಯಾರೂ ಇಣುಕಕೂಡದು. ಪಳಗಿದ ಮೊಲವಾದರೆ ಮನೆಯವರೊಬ್ಬರು ನೆಲದ ಮೇಲೆ ಕುಳಿತು ತಗ್ಗಿದ ದನಿಯಲ್ಲಿ ಮಾತನಾಡಬಹುದು.

5. ಬಯಲಿಗೆ ತಪ್ಪಿಸಿಕೊಂಡಿದ್ದರೆ ಬೆನ್ನಟ್ಟಕೂಡದು. ಮೂಲೆಗೆ ತಾನಾಗಿ ಸೇರಿದ ಮೇಲೆ ದಪ್ಪ ಬಟ್ಟೆಯನ್ನು ತಲೆಕಣ್ಣುಗಳ ಮೇಲೆ ಹೊದಿಸಿ, ಮೂಗನ್ನು ಮಾತ್ರ ಬಿಟ್ಟು, ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗದ ಕೆಳಗೆ ಕೊಟ್ಟು, ಮೈಗೆ ಒತ್ತಿ ಎತ್ತಿಕೊಳ್ಳಿ.

ಮಾಡಕೂಡದ ಕಾರ್ಯಗಳು

ಕಿವಿ ಹಿಡಿದು ಎತ್ತುವ ವಾಡಿಕೆಯನ್ನು ಸಂಪೂರ್ಣವಾಗಿ ಬಿಡತಕ್ಕದ್ದು. ಮೊಲದ ಮೂಳೆಗಳು ಬಲು ಹಗುರ. ಹಿಂಗಾಲಿನ ಮಾಂಸಖಂಡಗಳಾದರೋ ಬಲು ಬಲಿಷ್ಠ. ಹಿಂಭಾಗಕ್ಕೆ ಆಸರೆ ಇಲ್ಲದೆ ಒದ್ದಾಡಿದರೆ ತನ್ನ ಒದೆತದಿಂದಲೇ ತನ್ನ ಬೆನ್ನೆಲುಬನ್ನು ಮುರಿದುಕೊಳ್ಳುವುದು. “ನಮ್ಮ ಹಿರಿಯರು ಹೀಗೆಯೇ ಹಿಡಿಯುತ್ತಿದ್ದರು” ಎನ್ನುವವರಿಗೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಗಾದೆಯನ್ನು ನೆನಪಿಸಬೇಕಾಗುವುದು.

ಅಂಗಾತ ಮಲಗಿಸಿ ಹೊಟ್ಟೆ ಸವರಿದರೆ ಮೊಲವು ನಿದ್ರೆ ಹೋದಂತೆ ಸ್ತಬ್ಧವಾಗುವುದು ನಿಜ. ಆದರೆ ಅದು ಶಾಂತಿಯಲ್ಲ. ಶತ್ರುವಿನ ಬಾಯಿಗೆ ಸಿಕ್ಕ ಪ್ರಾಣಿಯು ಸತ್ತಂತೆ ಬೀಳುವ ಭಯವದು. ಬಲವಂತವಾಗಿ ಹಾಲು, ಬೆಲ್ಲದ ನೀರು, ಸಾರಾಯಿ ಹೊಯ್ಯಕೂಡದು. ಶ್ವಾಸನಾಳಕ್ಕೆ ಇಳಿದು ಸಾಯುವ ಸಂಭವವುಂಟು. ಜೊತೆಯಲ್ಲಿ ಬೆಳೆದ ಮೊಲವನ್ನು ಬೇರ್ಪಡಿಸಕೂಡದು. ಗೊತ್ತಿಲ್ಲದ ಮೊಲವನ್ನು ಜೊತೆಗೆ ಬಿಡಲೂ ಕೂಡದು.

ಮುಂದಿನ ಹನ್ನೆರಡು ಗಂಟೆಗಳು

ಇದೇ ಮುಖ್ಯವಾದ ಕಾಲ. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಭಯದಿಂದ ಆಹಾರ ಬಿಟ್ಟರೆ ಕರುಳಿನ ಚಲನೆ ನಿಂತು, ಹೊಟ್ಟೆ ಉಬ್ಬಿ, ನೋವಿನಿಂದ ಮತ್ತಷ್ಟು ಆಹಾರ ಬಿಡುವುದು. ಗಾಯವಿಲ್ಲದ ಮೊಲವು ಮರುದಿನ ಸಾಯುವುದಕ್ಕೆ ಇದು ಒಂದು ಮುಖ್ಯ ಕಾರಣ. ಆದುದರಿಂದ ಗೂಡಿನ ತಳವನ್ನು ಗುಡಿಸಿ, ಹಳೆಯ ಹಿಕ್ಕೆಯನ್ನು ತೆಗೆದು, ಹೊಸ ಹಿಕ್ಕೆ ಬೀಳುವುದೋ ಇಲ್ಲವೋ ನೋಡತಕ್ಕದ್ದು. ಎಳೆಯ ಗರಿಕೆ, ಕೊತ್ತಂಬರಿ ಸೊಪ್ಪು, ಔಷಧಿ ಸಿಂಪಡಿಸದ ಹಿಪ್ಪುನೇರಳೆ ಸೊಪ್ಪು ಇವನ್ನು ಪೆಟ್ಟಿಗೆಯ ಬಾಗಿಲಲ್ಲಿ ಇಟ್ಟರೆ ಸಾಮಾನ್ಯವಾಗಿ ಕತ್ತಲಾಗುವ ವೇಳೆಗೆ ಮೂಸಿ ತಿನ್ನತೊಡಗುವುದು. ತಿಂದು, ಹಿಕ್ಕೆ ಹಾಕಿ, ಮೈ ನೆಕ್ಕಿಕೊಂಡಿತೆಂದರೆ ಭಯವು ಇಳಿಯಿತೆಂದು ತಿಳಿಯಬಹುದು.

ಹನ್ನೆರಡು ಗಂಟೆಯಾದರೂ ತಿನ್ನದಿದ್ದರೆ, ಹಿಂಗಾಲುಗಳನ್ನು ಎಳೆಯುತ್ತಿದ್ದರೆ, ತಲೆ ಓರೆಯಾಗಿದ್ದರೆ, ಅಥವಾ ಕೂದಲಿನ ಅಡಿಯಲ್ಲಿ ಹಲ್ಲಿನ ಗುರುತು ಕಂಡರೆ, ಕಾಯದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು. 1962 ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ವಿಚಾರಿಸಬಹುದು. ಬೆನ್ನು ಮುರಿದಿರುವ ಶಂಕೆ ಇದ್ದರೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ಮರಿ ಹಾಕಿದ ಮೊಲ

ಹೆಣ್ಣು ಮೊಲವು ಸುಮಾರು 31 ದಿನ ಗರ್ಭ ಧರಿಸುವುದು. ಕಡೆಯ ದಿನಗಳಲ್ಲಿ ಬೆದರಿದರೆ ಗರ್ಭ ಇಳಿಯಬಹುದು. ಮರಿಗಳಿರುವಾಗ ಬೆದರಿದರೆ ಅವುಗಳ ಮೇಲೆ ಹಾರಿ ತುಳಿಯಬಹುದು. ತಾಯಿಯು ಶಾಂತವಾದ ಮೇಲೆ ಮಾತ್ರ ಮರಿಗಳನ್ನು ಎಣಿಸಿ, ಹೊರಗೆ ಬಿದ್ದುದನ್ನು ಗೂಡಿನ ಕೂದಲಿನಲ್ಲಿ ಹುದುಗಿಸಿ. ತಾಯಿಯು ಮರಿಗಳ ಬಳಿ ಕೂರುತ್ತಿಲ್ಲವೆಂದು ಗಾಬರಿಪಡಬೇಕಾಗಿಲ್ಲ. ದಿನಕ್ಕೆ ಒಂದೆರಡು ಬಾರಿ ಕೆಲವೇ ನಿಮಿಷ ಹಾಲೂಡಿಸುವುದು ಅದರ ಸ್ವಭಾವ.

ಮತ್ತೆ ಬೆದರದಂತೆ ಏರ್ಪಾಡು

ಗೂಡು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದು, ಒಂದು ಪಕ್ಕ ಗೋಡೆಗೆ ತಾಗಿರಲಿ. ಒಳಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಅಡಗುಪೆಟ್ಟಿಗೆ ಸದಾ ಇರಲಿ. ಮಾವಿನ ಹಣ್ಣು ತುಂಬುವ ಹಳೆಯ ಮರದ ಪೆಟ್ಟಿಗೆಯ ಮೊಳೆಗಳನ್ನು ಕಿತ್ತು ಉಪಯೋಗಿಸಿದರೆ ಖರ್ಚೇ ಇಲ್ಲ. ಪ್ರತಿದಿನ ಸಂಜೆ ಹತ್ತು ನಿಮಿಷ, ಒಬ್ಬರೇ, ಪಕ್ಕದಿಂದ ಬಂದು, ಸೊಪ್ಪು ಕೊಟ್ಟು, ಹಣೆಯನ್ನು ಸವರಿದರೆ ಕೆಲವು ವಾರಗಳಲ್ಲಿ ಮೊಲವು ಧೈರ್ಯ ತಾಳುವುದು.

ಗ್ರಾಮದ ಯಜಮಾನರು ಗಮನಿಸತಕ್ಕದ್ದು

ಹಬ್ಬ ಜಾತ್ರೆಗಳ ಮುನ್ನಾದಿನ ಪ್ರಾಣಿ ಸಾಕಿದವರಿಗೆ ತಿಳಿಸಿದರೆ ಅವರು ಗೂಡುಗಳನ್ನು ಒಳಕೋಣೆಗೆ ಸಾಗಿಸುವರು. ದೀಪಾವಳಿಯಲ್ಲಿ ರಾತ್ರಿ 8ರಿಂದ 10 ಗಂಟೆಯವರೆಗೆ ಮಾತ್ರ ಪಟಾಕಿ ಸುಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ವಿಧಿಸಿತು. ಈ ಮಾತನ್ನು ಊರಿನಲ್ಲಿ ಜಾರಿಗೆ ತಂದರೆ ಮೊಲಕ್ಕೆ ಮಾತ್ರವಲ್ಲ, ಕಟ್ಟಿದ ಹಸು ಕರುಗಳಿಗೂ ಹಿತ. ಕಟಾವಿನ ಕಾಲದಲ್ಲಿ ಹೊಲದಲ್ಲಿ ಸಿಕ್ಕುವ ಕಾಡುಮೊಲದ ಮರಿಗಳನ್ನು ಮಕ್ಕಳು ಮನೆಗೆ ತರದಂತೆ ನೋಡಿಕೊಳ್ಳಿ; 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವನ್ನು ಹಿಡಿಯುವುದು ಅಪರಾಧ. ಅವು ಪಳಗುವುದೂ ಇಲ್ಲ. ಬಹುಪಾಲು ಭಯದಿಂದಲೇ ಸಾಯುವುವು. ಸಿಕ್ಕಿದ ಸ್ಥಳದ ಬದುವಿನಲ್ಲಿಯೇ ಬಿಟ್ಟರೆ ತಾಯಿಯು ಸಂಜೆಗೆ ಬಂದು ಹಾಲೂಡಿಸುವುದು.

ಓದುಬರಹ ಬಲ್ಲವರು ಇದನ್ನು ಉಳಿದವರಿಗೂ, ವಿಶೇಷವಾಗಿ ಮೊಲ ಸಾಕಿರುವ ಮನೆಯ ಮಕ್ಕಳಿಗೂ ಓದಿ ಹೇಳಬೇಕೆಂದು ಕೋರಿದೆ. ಬೆದರಿದ ಮೊಲವನ್ನು ಮೊದಲು ಎತ್ತಿಕೊಳ್ಳುವವರು ಮಕ್ಕಳೇ ಆದುದರಿಂದ, ಮೊದಲು ತಿಳಿಯಬೇಕಾದವರೂ ಅವರೇ.