ನಿಮಗಿದು ಗೊತ್ತೇ? ಹೊಸ ಮನೆ ಸೋರಿದರೆ ಖರ್ಚು ಯಾರದು?

ಫ್ಲ್ಯಾಟ್ ನಿಮ್ಮ ಸ್ವಾಧೀನಕ್ಕೆ ಬಂದ ದಿನದಿಂದ 5 ವರ್ಷದೊಳಗೆ ಗೋಡೆ ಬಿರುಕುಬಿಟ್ಟರೆ, ಕಳಪೆ ಕೆಲಸದಿಂದ ಬಚ್ಚಲ ನೀರು ಕೆಳಮನೆಗೆ ಇಳಿದರೆ, ಬಿಲ್ಡರೇ ಸರಿಮಾಡಿಕೊಡಬೇಕು. ಒಂದು ಪೈಸೆಯನ್ನೂ ಕೇಳುವಂತಿಲ್ಲ. 2016ರ ರೇರಾ ಕಾಯ್ದೆಯ 14(3)ನೇ ಕಲಂ ಹೇಳುವುದು ಇದನ್ನೇ. ಗಡುವು 30 ದಿನ. ತಪ್ಪಿದರೆ ಪರಿಹಾರ ಕೇಳಬಹುದು.

‘ಏರ್ ಕ್ರ್ಯಾಕ್ ಸಾರ್, ಪೇಂಟ್ ಹೊಡೆದ್ರೆ ಹೋಗುತ್ತೆ’ ಎಂಬ ಉತ್ತರ ಸೈಟ್ ಎಂಜಿನಿಯರ್ ಬಾಯಲ್ಲಿ ಸದಾ ಸಿದ್ಧ. ಗಿಲಾವಿನ ಕೂದಲೆಳೆ ಗೆರೆಯಾದರೆ ಅದು ನಿಜವೂ ಇದ್ದೀತು. ಆದರೂ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು, ತಾರೀಕು ಬರೆದು, ಫೋಟೊ ತೆಗೆದಿಡಿ. ಮಳೆಗಾಲ ಮುಗಿಯುವಷ್ಟರಲ್ಲಿ ಬಿರುಕು ಗೆರೆ ದಾಟಿದ್ದರೆ ಪೇಂಟಿನ ಮಾತು ನಡೆಯದು. ದೂರನ್ನು ಸೂಪರ್‌ವೈಸರ್ ಕಿವಿಗೆ ಹಾಕಿ ಬಂದರೆ ಸಾಲದು. ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಅವಧಿಯೊಳಗೇ ತಿಳಿಸಿದ್ದಿರಿ ಎಂಬುದಕ್ಕೆ ಕಾಗದ ಬೇಕು.

ಗೋಡೆಯಲ್ಲ, ಜಾಗದ ಹಕ್ಕೇ ದೋಷದ್ದಾಗಿ ನಷ್ಟವಾದರೆ? ಆ ಪರಿಹಾರಕ್ಕೆ ಕಾಲಮಿತಿಯ ಅಡ್ಡಿಯೇ ಇಲ್ಲ.

ಬ್ರೋಷರ್ ರದ್ದಿಗೆ ಹಾಕಬೇಡಿ. ಜಾಹೀರಾತನ್ನೋ ಮಾದರಿ ಫ್ಲ್ಯಾಟನ್ನೋ ನಂಬಿ ದುಡ್ಡು ಕಟ್ಟಿ, ಅಲ್ಲಿ ಹೇಳಿದ್ದು ಸುಳ್ಳಾಗಿ ನಷ್ಟವಾದರೆ ಪರಿಹಾರ ಉಂಟು. ವ್ಯವಹಾರದಿಂದಲೇ ಹಿಂದೆ ಸರಿದರೆ ಕಟ್ಟಿದ ಹಣವೆಲ್ಲ ಬಡ್ಡಿಸಮೇತ ವಾಪಸ್.

500 ಚದರ ಮೀಟರ್ ಮೀರದ ಜಾಗದ, ಇಲ್ಲವೇ 8 ಮೀರದ ಫ್ಲ್ಯಾಟ್‌ಗಳ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಬಡಾವಣೆಯ ಪುಟ್ಟ ಅಪಾರ್ಟ್‌ಮೆಂಟ್ ಕೊಳ್ಳುವವರು ಇಲ್ಲೇ ಎಡವುವುದು.

ಸ್ವಂತ ಸೈಟಿನಲ್ಲಿ ಕಂಟ್ರಾಕ್ಟರ್‌ಗೆ ಒಪ್ಪಿಸಿ ಕಟ್ಟಿಸಿದಿರಾ? ಹಾಗಾದರೆ ಗ್ರಾಹಕ ಆಯೋಗದ ಬಾಗಿಲು ತಟ್ಟಿ. ಮನೆ ಕಟ್ಟುವುದೂ ‘ಸೇವೆ’ಯೇ ಎಂದು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು. ಮೇಸ್ತ್ರಿಗೆ ರಸೀದಿಯಿಲ್ಲದೆ ಎಣಿಸಿಕೊಟ್ಟ ನೋಟುಗಳಿಗೆ ಸಾಕ್ಷಿ ಎಲ್ಲಿಂದ ತರುತ್ತೀರೋ, ನೀವೇ ಯೋಚಿಸಿ.

ರೇರಾ ಬಂದಮೇಲೆ ಫ್ಲ್ಯಾಟಿನವರಿಗೆ ಗ್ರಾಹಕ ಆಯೋಗದ ದಾರಿ ಮುಚ್ಚಿತೇ? ಇಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಸ್ಪಷ್ಟಪಡಿಸಿದೆ.

ಅಂದಹಾಗೆ, ಕೀಲಿ ಕೊಡುವಾಗ ‘ಎಲ್ಲ ಸರಿಯಾಗಿದೆ’ ಎಂಬ ಕಾಗದಕ್ಕೆ ಸಹಿ ಕೇಳುವುದುಂಟು. ಅದಕ್ಕೂ ಮೊದಲು ಜೇಬಿನಿಂದ ನಾಣ್ಯ ತೆಗೆದು ನೆಲದ ಟೈಲ್ಸ್ ಒಂದೊಂದನ್ನೂ ಕುಟ್ಟಿ ನೋಡಿ. ಟಣ್ ಎಂದರೆ ಸರಿ. ಡಬ್ ಎಂದರೆ ಅಡಿಯಲ್ಲಿ ಪೊಳ್ಳು. ಯಾವ ಕೋಣೆ, ಯಾವ ಮೂಲೆ ಎಂಬುದನ್ನು ಅದೇ ಕಾಗದದಲ್ಲಿ, ಸಹಿಯ ಮೇಲ್ಗಡೆ, ಬರೆಯಿರಿ.