ಆ ದ್ರವ ಎಲ್ಲಿಗೆ ಹೋಯಿತು?

ಕಾರಿನ ಕೀಲಿ ತಿರುಗಿಸಿದೊಡನೆ ಚಾಲಕನ ಎದುರಿನ ಫಲಕದಲ್ಲಿ ಹಲವು ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ತುಸು ಹೊತ್ತಿಗೆ ಆರಿ ಹೋಗುತ್ತವೆ. ಅವುಗಳಲ್ಲೊಂದು ಕೆಂಪು ವೃತ್ತ. ಒಳಗೆ ಆಶ್ಚರ್ಯಸೂಚಕ ಚಿಹ್ನೆ, ಅಕ್ಕಪಕ್ಕ ಎರಡು ಕಮಾನುಗಳು. ಕಮಾನುಗಳು ಗಾಲಿಯ ಡ್ರಮ್ಮಿನೊಳಗಿರುವ ಬ್ರೇಕ್ ಪಟ್ಟಿಗಳ ಗುರುತು. ಕಾರು ಓಡುತ್ತಿರುವಾಗಲೂ ಈ ದೀಪ ಉರಿಯುತ್ತಿದ್ದರೆ ಹಿಂದಿನ ಸೀಟಿನ ಮಗು ಕೇಳುತ್ತದೆ: "ಅಪ್ಪಾ, ಅದೇನು ಕೆಂಪಗೆ ಹತ್ತೈತಿ?" "ಏನಿಲ್ಲ ಬಿಡು, ಹ್ಯಾಂಡ್ ಬ್ರೇಕ್ ಇರಬೇಕು" ಎಂಬ ಉತ್ತರ ಬರುತ್ತದೆ. ಬಹಳ ಸಲ ಆ ಉತ್ತರ ಸರಿಯಾಗಿಯೇ ಇರುತ್ತದೆ. ಸರಿಯಿಲ್ಲದ ಸಲ ಏನು ನಡೆದಿರುತ್ತದೆ ಎಂಬುದನ್ನು ನೋಡೋಣ.

ದೀಪಕ್ಕೆ ಮೊದಲು ಬ್ರೇಕಿನ ಮಾತು. ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಕಂಡವರು ಗಾಲಿಗಳ ಪಕ್ಕ ಮರದ ಸನ್ನೆ ಹಿಡಿದು ನಡೆಯುವವರನ್ನೂ ಕಂಡಿರುತ್ತಾರೆ. ತೇರು ನೇರವಾಗಿ ನಿಲ್ಲಬೇಕಾದರೆ ಎರಡೂ ಬದಿಯ ಸನ್ನೆಗಳು ಒಟ್ಟಿಗೆ ಬೀಳಬೇಕು. ಒಂದೇ ಬದಿಗೆ ಬಿದ್ದರೆ ತೇರು ಅತ್ತಲೇ ತಿರುಗುತ್ತದೆ. ಕಾರಿನ ನಾಲ್ಕು ಗಾಲಿಗೆ ನಾಲ್ಕು ಆಳುಗಳಿಲ್ಲ. ಚಾಲಕನ ಒಂದು ಪಾದವೇ ನಾಲ್ಕೂ ಕಡೆ ಒಂದೇ ಗಳಿಗೆಯಲ್ಲಿ ಒತ್ತಬೇಕು. ಇದನ್ನು ಸಾಧ್ಯವಾಗಿಸುವುದು ಕೊಳವೆಗಳಲ್ಲಿ ತುಂಬಿರುವ ದ್ರವ. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬ ಪ್ಯಾಸ್ಕಲನ ನಿಯಮವನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ. ಹದಿನೇಳನೆಯ ಶತಮಾನದ ಆ ನಿಯಮ ಕಾರಿನ ನಾಲ್ಕೂ ಗಾಲಿಗಳನ್ನು ತಲುಪಿದ್ದು ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ 1921ರಲ್ಲಿ ತಂದ ಕಾರಿನಲ್ಲಿ.

ಬಾಯಿಪಾಠಕ್ಕಿಂತ ಮನೆಯಲ್ಲಿ ಮಾಡಿ ನೋಡುವುದು ಒಳ್ಳೆಯದು. ಸೂಜಿಯಿಲ್ಲದ ಹೊಸ ಸಿರಿಂಜು ಎರಡು, ಒಂದು ಸಣ್ಣದು, ಒಂದು ದೊಡ್ಡದು. ನಡುವೆ ಒಂದು ಗೇಣು ಸಲೈನ್ ನಳಿಕೆ. ಎಲ್ಲಕ್ಕೂ ನೀರು ತುಂಬಿ ಸಣ್ಣದನ್ನು ಒತ್ತಿದರೆ ದೊಡ್ಡದು ಮೇಲೇಳುತ್ತದೆ. ವ್ಯಾಸ ಎರಡು ಪಟ್ಟಿದ್ದರೆ ಬಲ ನಾಲ್ಕು ಪಟ್ಟು. ಪಾದದ ಒತ್ತು ಗಾಲಿಯನ್ನು ಹಿಡಿದು ನಿಲ್ಲಿಸುವಷ್ಟು ಬಲವಾಗುವುದರಲ್ಲಿ ಈ ಗಣಿತಕ್ಕೆ ದೊಡ್ಡ ಪಾಲಿದೆ. ಈಗ ಬೇಕೆಂದೇ ನಳಿಕೆಯೊಳಗೆ ಸ್ವಲ್ಪ ಗಾಳಿ ಬಿಡಿ. ಒತ್ತಿದರೆ ಗಾಳಿಯೇ ಕುಗ್ಗುತ್ತದೆ, ಆಚೆಯ ಸಿರಿಂಜು ಮಿಸುಕುವುದೇ ಕಷ್ಟ. ಬ್ರೇಕ್ ಪೆಡಲು 'ಸ್ಪಂಜಿನ ಹಾಗೆ' ಆಗಿದೆ ಎಂದು ಮೆಕ್ಯಾನಿಕ್‌ಗಳು ಹೇಳುವುದು ಇದನ್ನೇ.

ಬಾನೆಟ್ ಎತ್ತಿದರೆ ಕಾಣುವ ಅರೆಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೇ ಈ ದ್ರವದ ಮನೆ. ಅನೇಕ ಕಾರುಗಳಲ್ಲಿ ಅದರೊಳಗೆ ಒಂದು ತೇಲುಬೆಂಡು, ಬೆಂಡಿನಲ್ಲಿ ಸಣ್ಣ ಅಯಸ್ಕಾಂತ. ಮಟ್ಟ ಇಳಿದಾಗ ಬೆಂಡೂ ಇಳಿಯುತ್ತದೆ. ಅಯಸ್ಕಾಂತ ಸ್ವಿಚ್ಚಿನ ಬಳಿ ಬಂದು ಮಂಡಲ ಪೂರ್ಣಗೊಳ್ಳುತ್ತದೆ, ದೀಪ ಹೊತ್ತುತ್ತದೆ. ಹ್ಯಾಂಡ್ ಬ್ರೇಕ್ ಎಳೆದಾಗ ಹೊತ್ತುವುದೂ ಇದೇ ದೀಪ. ಎರಡು ಸುದ್ದಿಗೆ ಒಂದೇ ದೀಪವಾದ್ದರಿಂದಲೇ ಜನ ಅದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ ಎಂದು ನನಗನ್ನಿಸುತ್ತದೆ. ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಮಾತ್ರ ಮಿಣಕ್ ಎಂದು ಮರೆಯಾಗುತ್ತಿದ್ದರೆ ದ್ರವ ಕನಿಷ್ಠ ಮಟ್ಟದ ಹತ್ತಿರ ತುಳುಕಾಡುತ್ತಿದೆ ಎಂದು ತಿಳಿಯಬೇಕು.

ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ ಒಮ್ಮೆ ಕೇಳಿದ ಮಾತು: "ಏನೂ ಇಲ್ಲ ಸಾರ್, ಬ್ರೇಕ್ ಆಯಿಲ್ ಕಮ್ಮಿ ಆಗೈತಿ. ಒಂದಿಷ್ಟು ಹಾಕಿದ್ರೆ ಲೈಟ್ ಹೋಗ್ತೈತಿ." ನಿಜ, ದೀಪ ಹೋಗುತ್ತದೆ. ಆದರೆ ಬ್ರೇಕ್ ದ್ರವ ಪೆಟ್ರೋಲಿನಂತೆ ಉರಿದು ಖರ್ಚಾಗುವುದಲ್ಲ. ಮುಚ್ಚಿದ ವ್ಯವಸ್ಥೆಯೊಳಗಿನ ಆ ದ್ರವ ಎಲ್ಲಿಗೆ ಹೋಯಿತು? ಈ ಪ್ರಶ್ನೆಯನ್ನು ಹುಡುಗನೂ ಕೇಳಲಿಲ್ಲ, ಕಾರಿನವರೂ ಕೇಳಲಿಲ್ಲ.

ಉತ್ತರ ಎರಡೇ. ಒಂದು, ಗಾಲಿಯ ಬಳಿಯ ಬ್ರೇಕ್ ಪ್ಯಾಡುಗಳು ಸವೆದಿವೆ. ಪ್ಯಾಡು ತೆಳುವಾದಷ್ಟೂ ಹಿಂದಿನ ಪಿಸ್ಟನ್ ಮುಂದೆ ಬರುತ್ತದೆ. ಅದು ಬಿಟ್ಟ ಜಾಗವನ್ನು ತುಂಬಲು ಡಬ್ಬಿಯ ದ್ರವ ಕೆಳಗಿಳಿಯುತ್ತದೆ. ಆಗ ಬರಿದೇ ದ್ರವ ತುಂಬಿದರೆ ದೀಪ ಆರಿತು, ಪ್ಯಾಡು ಮಾತ್ರ ಸವೆಯುತ್ತಲೇ ಹೋಗಿ ಕೊನೆಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಎರಡನೆಯ ಉತ್ತರ ಇನ್ನೂ ಕೆಟ್ಟದ್ದು: ಎಲ್ಲೋ ಸೋರಿಕೆ. ಗಾಲಿಯ ಒಳಮೈ ಒದ್ದೆಯಾಗಿದೆಯೇ, ನಿಂತ ಜಾಗದಲ್ಲಿ ಹನಿ ಬಿದ್ದಿದೆಯೇ ನೋಡಬೇಕು. ಎರಡರಲ್ಲಿ ಯಾವುದೆಂದು ತಿಳಿಯುವ ತನಕ ಮೆಕ್ಯಾನಿಕ್ ಗಾಲಿ ಬಿಚ್ಚಿ ನೋಡಲೇಬೇಕೆಂದು ಹಟ ಹಿಡಿಯಿರಿ.

ಈಗಿನ ಕಾರುಗಳಲ್ಲಿ ದ್ರವದ ದಾರಿ ಎರಡು ಭಾಗವಾಗಿರುತ್ತದೆ. ಒಂದು ಸೋರಿ ಬರಿದಾದರೂ ಇನ್ನೊಂದು ಕೆಲಸ ಮಾಡುತ್ತದೆ. ಸಮಾಧಾನದ ಸಂಗತಿ. ಆದರೆ ಲೆಕ್ಕ ಹಾಕಿ ನೋಡಿ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡ್ ಹಿಡಿದರೆ ಅಷ್ಟು ದೂರ ಸಂದಿತು. ಒಣ ಡಾಂಬರಿನ ಮೇಲೆ ಒಳ್ಳೆಯ ಬ್ರೇಕಿಗೆ ಇನ್ನೂ ಸುಮಾರು 20 ಮೀಟರ್ ಬೇಕು. ಅರ್ಧ ಶಕ್ತಿಯ ಬ್ರೇಕಿಗೆ 40. ಭತ್ತದ ಸುಗ್ಗಿಯಲ್ಲಿ ಸಿರುಗುಪ್ಪದ ರಸ್ತೆಯಲ್ಲಿ ಸಂಜೆ ಹೊತ್ತು ಹೋದವರಿಗೆ ಈ 20 ಮೀಟರಿನ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಹಿಂದೀಪವಿಲ್ಲದ ಹುಲ್ಲಿನ ಟ್ರ್ಯಾಕ್ಟರು, ಅರ್ಧ ರಸ್ತೆಗೆ ಹರಡಿದ ಭತ್ತ, ಅದರ ಕಾವಲಿಗೆ ಅಂಚಿನಲ್ಲಿಟ್ಟ ಕಲ್ಲು, ಎಲ್ಲವೂ ಅಷ್ಟರೊಳಗೇ ಇರುತ್ತವೆ.

ಹೋಗುತ್ತಿರುವಾಗಲೇ ದೀಪ ಹೊತ್ತಿಕೊಂಡರೆ? ಗಾಬರಿಯಾಗದೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿದೆಯೇ ನೋಡಿ, ಬ್ರೇಕನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದರೆ ಬದಿಗೆ ತಂದು ನಿಲ್ಲಿಸುವುದು ಸುಲಭ. ಪೆಡಲು ಕೆಳಕ್ಕೆ ಇಳಿದುಹೋದರೆ ಮತ್ತೆ ಮತ್ತೆ ಬೇಗಬೇಗನೆ ತುಳಿಯಿರಿ, ಗೇರನ್ನು ಒಂದೊಂದಾಗಿ ಇಳಿಸಿ, ಹ್ಯಾಂಡ್ ಬ್ರೇಕನ್ನು ಗುಂಡಿ ಒತ್ತಿ ಹಿಡಿದೇ ಸ್ವಲ್ಪಸ್ವಲ್ಪವಾಗಿ ಎಳೆಯಿರಿ. ಸನ್ನೆಯ ಹ್ಯಾಂಡ್ ಬ್ರೇಕ್ ತಂತಿಯಿಂದ ಹಿಂದಿನ ಗಾಲಿಗಳನ್ನು ಹಿಡಿಯುವುದರಿಂದ ಅದಕ್ಕೆ ದ್ರವದ ಹಂಗಿಲ್ಲ. ಒಮ್ಮೆಲೇ ಜಗ್ಗಿದರೆ ಮಾತ್ರ ಗಾಡಿ ಅಡ್ಡ ತಿರುಗೀತು. ನಿಲ್ಲುವ ಮುನ್ನ ಎಂಜಿನ್ ಆರಿಸಬೇಡಿ. ಆರಿಸಿದರೆ ಬ್ರೇಕೂ ಸ್ಟೀರಿಂಗೂ ಭಾರವಾಗುತ್ತವೆ. ತುಂಗಭದ್ರಾ ಕಾಲುವೆಯ ಪಕ್ಕದ ದಾರಿಯಲ್ಲಿ ಅದು ಬೇಡವೇ ಬೇಡ. ಪೆಡಲು ಮೆತ್ತಗಾದ ಕಾರನ್ನು "ಊರು ಇಲ್ಲೇ ಐತಲ್ಲ" ಎಂದು ಓಡಿಸಬಾರದು. ಇನ್ನೊಂದು ಗಾಡಿಯ ಮೇಲೆ ಹೇರಿಸಿ ಸಾಗಿಸಬೇಕು.

'ಬ್ರೇಕ್ ಆಯಿಲ್' ಎಂಬ ಹೆಸರೇ ಒಂದು ಪೀಡೆ. ಸಾಮಾನ್ಯ ಕಾರುಗಳಲ್ಲಿರುವುದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ಹೆಸರು ನಂಬಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಬಿರಡೆಗಳು ಉಬ್ಬಿ ಕೆಡುತ್ತವೆ. ಈ ದ್ರವಕ್ಕೆ ಇನ್ನೊಂದು ಗುಣ: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಮಳೆಗಾಲದ ಉಪ್ಪಿನ ಹಾಗೆ. 'ಡಾಟ್ 3' ಗುರುತಿನ ಹೊಸ ದ್ರವ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ನೂರಕ್ಕೆ ನಾಲ್ಕರ ಹತ್ತಿರ ನೀರು ಸೇರಿದರೆ ಕುದಿಬಿಂದು 140ರ ಮಟ್ಟಕ್ಕೆ ಇಳಿಯುತ್ತದೆ. ಸಂಡೂರಿನ ಕಡೆ ಗುಡ್ಡ ಇಳಿಯುವಾಗ ಬ್ರೇಕ್ ತುಳಿದೇ ಇಟ್ಟರೆ ಗಾಲಿಯ ಬಳಿ ಅಷ್ಟು ಬಿಸಿ ಹುಟ್ಟುವುದು ಕಷ್ಟವೇನಲ್ಲ. ಕುದಿದರೆ ಆವಿಯ ಗುಳ್ಳೆ. ಗುಳ್ಳೆ ಏನು ಮಾಡುತ್ತದೆಂದು ಸಿರಿಂಜಿನಲ್ಲಿ ನೋಡಿದ್ದೇವೆ. ಡಬ್ಬಿ ತುಂಬಿರುವುದರಿಂದ ಕೆಂಪು ದೀಪ ಇದನ್ನು ಹೇಳುವುದೇ ಇಲ್ಲ. ಆದ್ದರಿಂದಲೇ ಸುಮಾರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿರೆಂದು ಹಲವು ತಯಾರಕರು ಹೇಳುತ್ತಾರೆ. ಮುಚ್ಚಳ ತೆಗೆದು ವರ್ಷಗಟ್ಟಲೆ ಇಟ್ಟ ಶೀಶೆಯದನ್ನು ಹಾಕಿಸಬೇಡಿ.

ಹಳದಿ ಬಣ್ಣದ ಎಬಿಎಸ್ ದೀಪ ಬೇರೆ. ಅದೊಂದೇ ಉರಿದರೆ ಸಾಮಾನ್ಯ ಬ್ರೇಕ್ ಇರುತ್ತದೆ, ಗಾಲಿ ಕಚ್ಚಿಕೊಳ್ಳದಂತೆ ತಡೆಯುವ ಏರ್ಪಾಡು ಮಾತ್ರ ಇರುವುದಿಲ್ಲ. ಹಳದಿಯೂ ಕೆಂಪೂ ಒಟ್ಟಿಗೆ ಉರಿದರೆ ಮುಂದಿನ ಹಿಂದಿನ ಗಾಲಿಗಳ ನಡುವೆ ಬಲ ಹಂಚುವ ಏರ್ಪಾಡೂ ಕೆಟ್ಟಿರಬಹುದು. ಆಗ ನಿಲ್ಲಿಸುವುದೇ ಸರಿ.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಬಣ್ಣ, ಸೀಟು, ಟೈರು ನೋಡುವ ಮೊದಲು ಕೀಲಿಯನ್ನು ಒಂದು ಹೆಜ್ಜೆ ತಿರುಗಿಸಿ ಕೆಂಪು ದೀಪ ಹೊತ್ತುತ್ತದೆಯೇ ನೋಡಿ. ಆಗ ಹೊತ್ತದಿದ್ದರೆ ಹ್ಯಾಂಡ್ ಬ್ರೇಕ್ ಎಳೆದು ನೋಡಿ. ಆಗಲೂ ಹೊತ್ತದಿದ್ದರೆ ಬಲ್ಬು ಸುಟ್ಟಿರಬೇಕು, ತಂತಿ ಕಡಿದಿರಬೇಕು, ಇಲ್ಲವೇ ಯಾರೋ ಬೇಕೆಂದೇ ಕಿತ್ತಿರಬೇಕು. ಅಂಥ ಕಾರಿಗೆ ಬೆಲೆ ಮಾತಾಡುವುದು ಆಮೇಲೆ.