ಅರವತ್ತಾರು ಕುಣಿಕೆಯ ಟೊಪ್ಪಿ

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಅಂತ ಗಾದೆ ಕಟ್ಟಿ ನಕ್ಕವರಿಗೆ ಹೆಣಿಗೆ ಗೊತ್ತಿರಲಿಕ್ಕಿಲ್ಲ. ತಂಗಿಗೆ ಏಳು ತಿಂಗಳಾಗಿದ್ದಾಗ ನಾನು ಅವಳ ಮಗುವಿಗೆಂದು ಕುಲಾವಿ ಶುರು ಮಾಡಿದೆ. ತಿಳಿಹಳದಿ ಬೇಬಿ ಉಲ್ಲನ್, 12ನೇ ನಂಬರಿನ ಕಡ್ಡಿ. ಒಂದು ಸಾಲು ಹೆಣೆದರೆ ಎರಡು ಸಾಲು ಬಿಚ್ಚುವುದು. ಅದು ಮುಗಿಯುವ ಹೊತ್ತಿಗೆ ಮಗು ಹುಟ್ಟಿ, ತೊಟ್ಟಿಲು ಹತ್ತಿ, ತೊಟ್ಟಿಲಿನಿಂದ ಇಳಿದು ಅಂಬೆಗಾಲಿಡುತ್ತಿತ್ತು. ತಲೆಗೆ ಹಾಕಿ ನೋಡಿದೆವು. ನೆತ್ತಿಯ ಮೇಲೆ ಬೋರಲು ಹಾಕಿದ ಲೋಟದ ಹಾಗೆ ಕೂತಿತು.

ಮೈಸೂರಿನ ನಮ್ಮ ಸೋದರತ್ತೆ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕರು. "ಹೊಲಿಗೆ ದಾರದಂಥದ್ದರಲ್ಲಿ ಕಲಿಯೋಕೆ ಹೋದರೆ ಇನ್ನೇನಾಗುತ್ತೆ? ದಪ್ಪ ದಾರ ತಗೋ ಕಣೇ" ಎಂದು ಟ್ರಂಕಿನ ತಳದಿಂದ ಒಂದು ಬಟ್ಟೆಚೀಲ ಎಳೆದು ಕೊಟ್ಟರು. ಅದರಲ್ಲಿ ಯಾರದೋ ಮಫ್ಲರ್ ಮುಗಿದು ಉಳಿದ ಕಾಫಿಬಣ್ಣದ ಅರ್ಧ ಉಂಡೆ, ತೋಳು ಸಾಲದೆ ನಿಂತುಹೋದ ಸ್ವೆಟರಿನ ಬೂದು ದಾರ, ಇಲಿ ಕಡಿದು ಬಿಟ್ಟ ಒಂದಿಷ್ಟು ಕೆಂಪು. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಳೆ ಸೀರೆ, ಧೋತರ, ಪರಕಾರದ ತುಂಡುಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯುವುದಿಲ್ಲವೇ, ಅತ್ತೆಯ ಚೀಲವೂ ಅದೇ ಜಾತಿಯದು. ಉಳಿದದ್ದರಲ್ಲಿ ಕಲಿಯುವವರಿಗೆ ಕೆಟ್ಟರೆ ಹೇಗೆ ಎಂಬ ಭಯವಿಲ್ಲ. ಹೊಸ ಉಲ್ಲನ್ ಕೊಂಡು ತಂದವರ ಕೈ ಮೊದಲ ಸಾಲಿಗೇ ಬಿಗಿಯುತ್ತದೆ.

ಉಲ್ಲನ್ ಅಂದೆ, ನಮ್ಮ ಕಡೆ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧವಿಲ್ಲ. ಟೊಪ್ಪಿಗೆ ಅದೇನೂ ತೊಂದರೆಯಲ್ಲ, ಮೈ ಕಡಿಯುವುದಿಲ್ಲ, ಒಗೆಯುವುದು ಸುಲಭ. ಇಸ್ತ್ರಿ ಮಾತ್ರ ಮುಟ್ಟಿಸಬಾರದು, ಕರಗಿ ಚಪ್ಪಟೆಯಾಗುತ್ತದೆ. ನಿಜವಾದ ಉಣ್ಣೆಯ ದಾರವೇನಾದರೂ ಸಿಕ್ಕಿದ್ದರೆ ಬಿಸಿನೀರು ಮುಟ್ಟಿಸಬಾರದು, ಅದು ಕುಗ್ಗಿ ಗಟ್ಟಿಯಾಗುತ್ತದೆ.

ದಪ್ಪ ದಾರವೇ ಏಕೆ ಎಂಬುದಕ್ಕೆ ಅತ್ತೆ ಕಾರಣ ಹೇಳಲಿಲ್ಲ, ನಾನೇ ಲೆಕ್ಕ ಹಾಕಿದೆ. ಬೇಬಿ ಉಲ್ಲನ್ನಿನಲ್ಲಿ ಹತ್ತು ಸೆಂಟಿಮೀಟರ್ ಅಗಲಕ್ಕೆ ಸುಮಾರು 28 ಕುಣಿಕೆ, ಅಷ್ಟೇ ಎತ್ತರಕ್ಕೆ 36 ಸಾಲು ಬೇಕು. ದಪ್ಪ ದಾರದಲ್ಲಿ 13 ಕುಣಿಕೆ, 18 ಸಾಲು ಸಾಕು. ದೊಡ್ಡವರ ತಲೆಯ ಒಂದು ಟೊಪ್ಪಿಗೆ ಮೊದಲನೆಯದರಲ್ಲಿ ಹತ್ತು ಸಾವಿರ ಕುಣಿಕೆಯಾದರೆ ಎರಡನೆಯದರಲ್ಲಿ ಎರಡೂಕಾಲು ಸಾವಿರ ಚಿಲ್ಲರೆ. ತಪ್ಪಿದ್ದು ಎಲ್ಲಿ ಎಂದು ಕನ್ನಡಕ ಹುಡುಕಬೇಕಿಲ್ಲ. ಒಂದೊಂದು ಕುಣಿಕೆಯೂ ಕಡಲೆಕಾಳಿನಷ್ಟು ಇರುತ್ತದೆ. ವಿದೇಶದಿಂದ ಬಂದ ಉಂಡೆಗಳ ಪಟ್ಟಿಯ ಮೇಲೆ 5 ಎಂದಿದ್ದರೆ ಅದು ದಪ್ಪ ದಾರ, 6 ಎಂದಿದ್ದರೆ ಅದಕ್ಕಿಂತ ದಪ್ಪ. ಮನೆಯಲ್ಲಿ ಅಂಥದ್ದಿಲ್ಲದಿದ್ದರೆ ಮಾಮೂಲಿ ಸ್ವೆಟರ್ ದಾರದ ಎರಡು ಮೂರು ಎಳೆ ಜೋಡಿಸಿಕೊಂಡು ಒಂದೇ ದಾರವೆಂಬಂತೆ ಹೆಣೆಯಬಹುದು. ಬೂದು, ಕೆಂಪು ಕೂಡಿ ಬರುವ ಮಚ್ಚೆಮಚ್ಚೆ ಬಣ್ಣ ಅಂಗಡಿಯಲ್ಲಿ ಕೇಳಿದರೂ ಸಿಗದು.

ದಪ್ಪ ದಾರದ ಸಾದಾ ಟೊಪ್ಪಿಗೆ ನಾವು ಅಂದುಕೊಳ್ಳುವುದಕ್ಕಿಂತ ಹಿಂದಿನ ಚರಿತ್ರೆಯಿದೆ. ವೇಲ್ಸಿನ ಮನ್ಮತ್ ಊರಿನ ಮ್ಯೂಸಿಯಮ್ಮಿನಲ್ಲಿ 16ನೇ ಶತಮಾನದ್ದೆಂದು ಗುರುತಿಸಿದ ಒಂದು ಟೊಪ್ಪಿಯಿದೆ. ಒರಟು ಉಣ್ಣೆಯ ದಪ್ಪ ದಾರ, ದುಂಡಗೆ ಹೆಣೆದು ನೀರಿನಲ್ಲಿ ಹದವಾಗಿ ಕುಗ್ಗಿಸಿದ್ದು, ನೆತ್ತಿಯ ಮೇಲೊಂದು ಗುಂಡಿ. ಅಂದಿನ ನಾವಿಕರು, ಸಿಪಾಯಿಗಳು ಹಾಕಿಕೊಳ್ಳುತ್ತಿದ್ದ 'ಮನ್ಮತ್ ಕ್ಯಾಪ್' ಇದೇ. ಷೇಕ್ಸ್‌ಪಿಯರನ ಐದನೇ ಹೆನ್ರಿ ನಾಟಕದಲ್ಲೂ ಇದರ ಹೆಸರು ಬರುತ್ತದೆ. ಕಾಲ ಬದಲಾಗಿ ಜನ ಬೇರೆ ಬಗೆಯ ಹ್ಯಾಟಿಗೆ ಮನಸೋತಾಗ ಉಣ್ಣೆಯ ವ್ಯಾಪಾರ ಉಳಿಸಲು ಇಂಗ್ಲೆಂಡಿನ ಪಾರ್ಲಿಮೆಂಟು 1571ರಲ್ಲಿ ಒಂದು ಕಾನೂನನ್ನೇ ತಂದಿತು. ಆರು ವರ್ಷ ದಾಟಿದವರು, ದೊಡ್ಡ ಮನೆತನದವರನ್ನು ಬಿಟ್ಟು, ಭಾನುವಾರ ಮತ್ತು ಹಬ್ಬದ ದಿನ ಉಣ್ಣೆಯ ಟೊಪ್ಪಿ ಹಾಕಲೇಬೇಕು. ಹಾಕದಿದ್ದರೆ ದಿನದ ಲೆಕ್ಕದಲ್ಲಿ ದಂಡ. 1597ರಲ್ಲಿ ಕಾನೂನು ರದ್ದಾಯಿತು. ನಮ್ಮಲ್ಲಿ ಇಂಥ ಕಾನೂನು ಬೇಕಿಲ್ಲ. ಬೆಂಗಳೂರಿನಲ್ಲಿ ನವೆಂಬರಿನ ಮೊದಲ ಗಾಳಿ ಬೀಸಿದರೆ ಸಾಕು, "ಕಿವಿಗೆ ಗಾಳಿ ಹೋಗುತ್ತೆ" ಎಂದು ಮನೆಯ ಹಿರಿಯರು ತಾವಾಗಿಯೇ ಮಂಕಿಕ್ಯಾಪು ಏರಿಸುತ್ತಾರೆ.

ಇನ್ನು ಕೆಲಸಕ್ಕೆ ಬರೋಣ. ಮೊದಲು ದಾರವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. 100 ಗ್ರಾಂ ಇದ್ದರೆ ದೊಡ್ಡವರ ಒಂದು ಟೊಪ್ಪಿ ನಿರಾಯಾಸ. ಒಂದೇ ಬಣ್ಣ ಅಷ್ಟು ಇಲ್ಲದಿದ್ದರೆ ಪಟ್ಟೆ ಹಾಕಿ, ಬಣ್ಣ ಬದಲಿಸುವುದನ್ನು ಸಾಲಿನ ತುದಿಯಲ್ಲೇ ಮಾಡಿ. ಕಡ್ಡಿ 6.5 ಮಿಲಿಮೀಟರಿನದು. ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ಇದು 3ನೇ ನಂಬರು. ಆ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕಡ್ಡಿ ಸಣ್ಣ, ಅಮೆರಿಕದವರ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ದಪ್ಪ. ಅಂಗಡಿಯಲ್ಲಿ ಈ ಗೊಂದಲಕ್ಕೆ ಸಿಕ್ಕಿಕೊಳ್ಳುವ ಬದಲು ಮಿಲಿಮೀಟರಿನಲ್ಲೇ ಕೇಳಿ.

ತಲೆಯ ಸುತ್ತಳತೆ 56 ಸೆಂಟಿಮೀಟರ್ ಎಂದುಕೊಳ್ಳೋಣ. ಹೆಣಿಗೆ ಹಿಗ್ಗುವುದರಿಂದ ಟೊಪ್ಪಿ 50 ಇದ್ದರೆ ಸರಿಯಾಗಿ ಹಿಡಿದು ಕೂರುತ್ತದೆ. ಹತ್ತಕ್ಕೆ 13ರಂತೆ 65 ಕುಣಿಕೆ, ಬಾರ್ಡರಿನ ಜೋಡಿ ಸರಿಹೋಗಲೆಂದು 66. ಅಷ್ಟು ಕುಣಿಕೆ ಹಾಕಿಕೊಂಡು, ಎರಡು ಸೀದಾ ಎರಡು ಉಲ್ಟಾ ಎಂದು ಹೆಣೆಯುತ್ತ ಹೋಗಿ, ಕೊನೆಗೆ ಎರಡು ಸೀದಾ ಉಳಿಯುತ್ತದೆ. ತಿರುಗಿಸಿದ ಮೇಲೆ ಎದುರಿಗೆ ಹೇಗೆ ಕಾಣುತ್ತದೋ ಹಾಗೇ ಹೆಣೆಯಿರಿ: ಸೀದಾ ಕಂಡದ್ದು ಸೀದಾ, ಗಂಟಿನ ಹಾಗೆ ಉಬ್ಬಿದ್ದು ಉಲ್ಟಾ. ಸೀದಾ ಸಾಲು ಮುಂದೆ ಉಬ್ಬಿ, ಉಲ್ಟಾ ಸಾಲು ಹಿಂದೆ ಸರಿಯುವುದರಿಂದ ಬಾರ್ಡರು ಹಾರ್ಮೋನಿಯಮ್ಮಿನ ತಿದಿಯಂತೆ ಮಡಿಚಿಕೊಳ್ಳುತ್ತದೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ತಿರುಗಿ ಹಿಡಿಯುತ್ತದೆ. ಅಳತೆಯಲ್ಲಿ ಒಂದೆರಡು ಸೆಂಟಿಮೀಟರ್ ತಪ್ಪಿದರೆ ಅದನ್ನು ನುಂಗಿಕೊಳ್ಳುವುದೂ ಈ ಬಾರ್ಡರೇ. ಇದನ್ನು ಬಿಟ್ಟು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದೇ ಶುರು ಮಾಡಿದರೆ ಅಂಚು ಹಪ್ಪಳದಂತೆ ಸುರುಳಿಯಾಗುತ್ತದೆ. ಹಾಗೇ ಚೆಂದ ಎನ್ನುವವರೂ ಇದ್ದಾರೆ, ನಾನಲ್ಲ.

ಆರು ಸೆಂಟಿಮೀಟರ್ ಬಾರ್ಡರ್ ಆದಮೇಲೆ ಒಂದು ಸಾಲು ಪೂರ್ತಿ ಸೀದಾ, ಮರುಸಾಲು ಪೂರ್ತಿ ಉಲ್ಟಾ. ಬುಡದಿಂದ 19 ಸೆಂಟಿಮೀಟರ್ ಆಗುವವರೆಗೆ ಇಷ್ಟೇ. ಇಲ್ಲಿ ಟಿ.ವಿ. ಧಾರಾವಾಹಿ ನೋಡಬಹುದು. ನೋಡುತ್ತಾ ಸಾಲಿನ ಕೊನೆಯಲ್ಲಿ ಒಮ್ಮೆ ಕುಣಿಕೆ ಎಣಿಸಿ, ಏಕೆಂದರೆ ಹೊಸಬರು ಅಂಚಿನಲ್ಲಿ ದಾರ ಕಡ್ಡಿಯ ಮೇಲೆ ಹಾಯಿಸಿ ಗೊತ್ತಿಲ್ಲದೆ ಕುಣಿಕೆ ಹೆಚ್ಚಿಸಿಕೊಳ್ಳುತ್ತಾರೆ. ನನ್ನವು 66 ಇದ್ದದ್ದು 79 ಆಗಿತ್ತು!

ನೆತ್ತಿಗೆ ಬಂದಾಗ, ಸೀದಾ ಸಾಲಿನಲ್ಲಿ ಎರಡೆರಡು ಕುಣಿಕೆಯನ್ನು ಒಟ್ಟಿಗೇ ಹೆಣೆಯಿರಿ. 66 ಹೋಗಿ 33 ಉಳಿಯುತ್ತದೆ. ಮರಳಿ ಬರುವಾಗ ಉಲ್ಟಾ. ಮತ್ತೊಮ್ಮೆ, ಮೊದಲ ಕುಣಿಕೆ ಒಂಟಿಯಾಗಿ ಬಿಟ್ಟು, ಎರಡೆರಡು ಕೂಡಿಸಿದರೆ 17. ದಾರವನ್ನು ಒಂದೂವರೆ ಮೊಳ ಬಿಟ್ಟು ಕತ್ತರಿಸಿ, ದಬ್ಬಳಕ್ಕೆ ಪೋಣಿಸಿ, ಆ ಹದಿನೇಳರೊಳಗೂ ದಾಟಿಸಿ, ಸಂಚಿಯ ಬಾಯಿ ಬಿಗಿಯುವ ಹಾಗೆ ಎಳೆಯಿರಿ. ಉಳಿದ ದಾರದಲ್ಲೇ ಬೆನ್ನಿನ ಕೂಡು ಹೊಲಿದರೆ ಆಯಿತು. ಹೊಲಿಗೆಗೆ ಎರಡೂ ಅಂಚಿನಿಂದ ಒಂದೊಂದು ಕುಣಿಕೆ ಹೋಗುವುದರಿಂದ ಬಾರ್ಡರಿನ ಎರಡು ಸೀದಾ, ಎರಡು ಉಲ್ಟಾ ಕೂಡಿನಲ್ಲೂ ಮುರಿಯದೆ ಸಾಗುತ್ತದೆ. ಕೈ ಕುದುರಿದ ಮೇಲೆ ನಡುವೆ ತಂತಿಯಿರುವ ಸುತ್ತುಕಡ್ಡಿಯಲ್ಲಿ ಹೆಣೆದರೆ ಈ ಹೊಲಿಗೆಯೂ ತಪ್ಪುತ್ತದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಜಿಮ್ಮರ್‌ಮನ್ (1910–1999) ಈ ಸುತ್ತುಕಡ್ಡಿಯ ದೊಡ್ಡ ಪ್ರಚಾರಕಿ. ಸ್ವೆಟರಿಗೆ ಮುನ್ನ ಅಳತೆಗೆಂದು ಚೌಕದ ತುಂಡು ಹೆಣೆದು ಎಸೆಯುವ ಬದಲು ಒಂದು ಟೊಪ್ಪಿಯನ್ನೇ ಹೆಣೆಯಿರಿ ಎಂಬುದು ಅವರ ಪಾಠ.

ಚಳಿಗಾಲ ಬಂತೆಂದರೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಟಿಬೆಟನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ, ಲೂಧಿಯಾನದಿಂದ ಬಂದ ಟೊಪ್ಪಿಗಳು ರಾಶಿ ಬಿದ್ದಿರುತ್ತವೆ. ಬರೀ ತಲೆ ಬೆಚ್ಚಗಾದರೆ ಸಾಕು ಎನ್ನುವವರಿಗೆ ಅದೇ ಲಾಭ. ಆದರೂ ಮಗಳ ಬಾಣಂತನಕ್ಕೆಂದು ಜನವರಿಯ ಹಿಮದಲ್ಲಿ ಅಮೆರಿಕಕ್ಕೆ ಹೊರಡುವ ತಾಯಂದಿರ ಸೂಟ್‌ಕೇಸಿನಲ್ಲಿ ಮೆಂತ್ಯದ ಹಿಟ್ಟು, ಬಜೆಯ ಜೊತೆಗೆ ಕೈಯಲ್ಲಿ ಹೆಣೆದ ಟೊಪ್ಪಿಯೊಂದು ಇದ್ದೇ ಇರುತ್ತದೆ.

ನನ್ನ ಆ 79 ಕುಣಿಕೆಯ ಮೊದಲ ಟೊಪ್ಪಿ ಯಾರ ತಲೆಗೂ ನಿಲ್ಲಲಿಲ್ಲ. ಡಿಸೆಂಬರಿನಲ್ಲಿ ಮನೆಯಲ್ಲಿ ಮೊಸರು ಹೆಪ್ಪಾಗದೆ ಗೋಳಾಡುತ್ತಿದ್ದಾಗ ಅತ್ತೆ ಅದನ್ನು ತೆಗೆದು ಸ್ಟೀಲ್ ಡಬ್ಬಿಗೆ ತೊಡಿಸಿದರು. ಕಿವಿಯವರೆಗೂ ಸರಿಯಾಗಿ ಕೂತಿತು. ಬೆಳಿಗ್ಗೆ ಮೊಸರು ಗಡ್ಡೆ ಕಟ್ಟಿತ್ತು.